ಅಳತೆ ಪ್ರಕಾರ ಮಡಚಿದ ಬಟ್ಟೆ

ನಿರ್ದೇಶಕರಿಗೆ ಕಣ್ಣಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗೂ ಎರಡೆರಡು ಇರುತ್ತವಲ್ಲ, ಇದರಲ್ಲೇನು ವಿಶೇಷ ಎಂದು ಕೇಳಬಾರದು. ಇವರದು ಬೇರೆ ಕಣ್ಣು. ನೂರು ಹುಡುಗರು ಚೆಂಡಿನ ಹಿಂದೆ ಓಡುತ್ತಿದ್ದರೆ ಅವರಲ್ಲಿ ಯಾರು ನಾಳೆ ಆಟಗಾರನಾಗುತ್ತಾನೆ, ಯಾರು ಗಂಟುಮೂಟೆ ಕಟ್ಟಿ ಮನೆಗೆ ಹೋಗುತ್ತಾನೆ ಎಂದು ಹೇಳಿಬಿಡುವ ಕಣ್ಣು. ಪತ್ರಿಕೆಯವರು ಅದರ ಬಗ್ಗೆ ಬರೆದರು. ಟೀವಿಯವರು ಅದನ್ನೊಂದನ್ನೇ ಹತ್ತಿರದಿಂದ ತೋರಿಸಿದರು. ಆಮೇಲೆ ನಿರ್ದೇಶಕರು ಕಪ್ಪು ಕನ್ನಡಕ ಹಾಕತೊಡಗಿದರು. ಅಂಥದ್ದನ್ನು ಹಾಗೇ ಬಿಸಿಲಿಗೆ ಬಿಡುವುದುಂಟೇ?

ನಿಜಕ್ಕೂ ಆ ಕಣ್ಣು ಇದ್ದದ್ದು ಬಟ್ಟೆ ಕೋಣೆಯಲ್ಲಿ.

ಬಟ್ಟೆ ಕೋಣೆ ಎಂದರೆ ಫುಟ್‌ಬಾಲ್ ಅಕಾಡೆಮಿಯ ಹಿಂಭಾಗದಲ್ಲಿ, ಜನರೇಟರಿನ ಪಕ್ಕ, ಒಂದು ತಗಡಿನ ಮಾಡು. ಎರಡು ಒಗೆಯುವ ಕಲ್ಲು. ಒಂದು ಯಂತ್ರ. ಯಂತ್ರ ಕೆಟ್ಟು ಮೂರು ವರ್ಷವಾಗಿತ್ತು. ಅದರ ಮೇಲೆ ಸೋಪಿನ ಡಬ್ಬಿ ಇಡಲು ಅನುಕೂಲವಾಗಿತ್ತು. ಅಲ್ಲಿ ಒಗೆಯುವವಳನ್ನು ಎಲ್ಲರೂ ಬಟ್ಟೆಯಮ್ಮ ಎನ್ನುತ್ತಿದ್ದರು. ದಿನಕ್ಕೆ ಅರವತ್ತು ಜರ್ಸಿ, ಅರವತ್ತು ಚಡ್ಡಿ, ನೂರಿಪ್ಪತ್ತು ಕಾಲುಚೀಲ. ಕಾಲುಚೀಲ ಯಾವತ್ತೂ ನೂರಿಪ್ಪತ್ತು ಇದ್ದದ್ದಿಲ್ಲ, ಅದು ಬೇರೆ ಮಾತು. ಒದ್ದೆ ಬಟ್ಟೆಯ ಬುಟ್ಟಿ ಎತ್ತಿ ಎತ್ತಿ ಅವಳ ಸೊಂಟ ಒಂದು ಕಡೆಗೆ ವಾಲಿತ್ತು. ಸೋಡಾಪುಡಿಗೆ ಬೆರಳ ಸಂದುಗಳು ಬಿರಿದಿದ್ದವು. ರಕ್ತದ ಕಲೆಯನ್ನು ತಣ್ಣೀರಿನಲ್ಲೇ ಬಿಡಿಸಬೇಕು, ಬಿಸಿನೀರು ತಾಗಿದರೆ ಕಚ್ಚಿಕೊಳ್ಳುತ್ತದೆ. ಚಳಿಗಾಲದಲ್ಲೂ ತಣ್ಣೀರೇ. ಕಲೆ ಹುಡುಗರದು, ಮರಗಟ್ಟುವ ಕೈ ಅವಳದು.

ಹದಿನಾರು ವರ್ಷದ ಹಿಂದೆ ನಿರ್ದೇಶಕರು ಇನ್ನೂ ನಿರ್ದೇಶಕರಾಗಿರಲಿಲ್ಲ. ಚೆಂಡಿನ ಚೀಲ ಹೊರುವ ಸಹಾಯಕ. ಹುಡುಗರು ‘ಚೀಲದ ಸರ್’ ಎಂದು ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಆತ ಬಟ್ಟೆ ಕೋಣೆಗೆ ಬಂದು, ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತು ತಲೆ ಹಿಡಿದುಕೊಂಡ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ಸಂಜೆಯೊಳಗೆ ಪಟ್ಟಿ ಕೊಡಬೇಕಿತ್ತು.

“ಅಕ್ಕಾ, ನನ್ನ ಕಣ್ಣಿಗೆ ಎಲ್ಲಾ ಒಂದೇ ಥರ ಕಾಣ್ತಾರೆ. ಎಲ್ಲಾ ಓಡ್ತಾರೆ, ಎಲ್ಲಾ ಒದೀತಾರೆ.”

“ಆರನೇ ನಂಬರಿನ ಹುಡುಗನ್ನ ಕಳಿಸಬೇಡಿ,” ಅಂದಳು ಬಟ್ಟೆಯಮ್ಮ, ಉಜ್ಜುವ ಕೈ ನಿಲ್ಲಿಸದೆ.

“ಯಾಕೆ?”

“ವಾರ ವಾರ ಅವನ ಕುತ್ತಿಗೆಪಟ್ಟಿ ಹರಿದು ಬರುತ್ತೆ. ಹಿಂದಿನಿಂದ ಹಿಡಿದು ಎಳೀತಾರೆ. ಭಯ ಇಲ್ಲದೆ ಯಾರು ಯಾರನ್ನ ಎಳೀತಾರೆ ಹೇಳಿ?”

ಆತ ತಲೆಯೆತ್ತಿದ. “ಒಂಬತ್ತು?”

“ಅವನಿಗೆ ಬರೀ ಬೆನ್ನಿಗೆ ಮಣ್ಣು. ತಳ್ಳಿಸಿಕೊಂಡವನು ಮಗ್ಗುಲಿಗೆ ಬೀಳ್ತಾನೆ, ಮೊಣಕೈ ತರಚಿರುತ್ತೆ. ಇವನು ಹಾಸಿಗೆ ಮೇಲೆ ಮಲಗಿದ ಹಾಗೆ ಬೀಳ್ತಾನೆ. ನಾಟಕ.”

“ನಾಲ್ಕು?”

“ಎದೆ ತೊಯ್ದಿರುತ್ತೆ, ಕಂಕುಳು ಒಣಗಿರುತ್ತೆ. ಬಾಟಲಿ ನೀರು ಸುರ್ಕೊಂಡು ಬೆವರು ಅಂತ ತೋರಿಸ್ತಾನೆ, ಕಳ್ಳ.”

ಆತ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡ. ಆ ವರ್ಷ ತಂಡ ಗೆದ್ದಿತು. ಆತ ಸಹಾಯಕನಿಂದ ತರಬೇತುದಾರನಾದ. ಮರುವರ್ಷ ಮತ್ತೆ ಬಕೆಟ್ಟಿನ ಮೇಲೆ ಬಂದು ಕೂತ. ಅದರ ಮರುವರ್ಷವೂ ಬಂದ. ಮುಖ್ಯ ತರಬೇತುದಾರನಾದ ಮೇಲೆ ಬಕೆಟ್ಟಿನ ಮೇಲೆ ಕೂರುವುದು ಚೆನ್ನಾಗಿ ಕಾಣುತ್ತಿರಲಿಲ್ಲ. ಆಗ ಇಬ್ಬರ ನಡುವೆ ಒಂದು ಏರ್ಪಾಡು ತಾನಾಗಿ ಹುಟ್ಟಿತು. ಬಟ್ಟೆಯಮ್ಮ ಒಣಗಿದ ಜರ್ಸಿಗಳನ್ನು ಮಡಚುವಾಗ ಚೆನ್ನಾಗಿ ಆಡಿದವನದನ್ನು ಮೇಲಿಡುವುದು, ಆಮೇಲಿನವನದನ್ನು ಅದರ ಕೆಳಗೆ, ಹೀಗೆ ತಳದವರೆಗೆ. ಎದೆಯ ಮೇಲಿನ ಸಣ್ಣ ನಂಬರು ಅಂಚಿಗೆ ಬರುವಂತೆ ಮಡಚಿದರೆ ಸಾಕು. ಆತ ‘ತಪಾಸಣೆ’ಗೆಂದು ಬರುವುದು, ರಾಶಿಯ ಅಂಚಿನ ಮೇಲೆ ಬೆರಳಾಡಿಸುವುದು, ಅಂಗೈ ಮೇಲೆ ಬರೆದುಕೊಂಡು ಹೊರಡುವುದು. ಮಾತಿಲ್ಲ, ಕತೆಯಿಲ್ಲ. ಮೈದಾನದ ಅಂಚಿನಲ್ಲಿ ನಿಂತು ಅಂಗೈ ನೋಡಿಕೊಳ್ಳುವ ಅವರ ಭಂಗಿಯನ್ನು ಒಬ್ಬ ವರದಿಗಾರ ‘ಧ್ಯಾನ’ ಎಂದು ಬರೆದ.

ಹೀಗೆ ನಿರ್ದೇಶಕರು ನಿರ್ದೇಶಕರಾದರು. ಅಕ್ಕ ಹೋಗಿ ‘ಬಟ್ಟೆಯಮ್ಮಾ’ ಬಂತು. ‘ನೀವು’ ಹೋಗಿ ‘ನೀನು’ ಬಂತು. ಮೊದಲು ಮೈದಾನದ ಪಕ್ಕದಲ್ಲಿದ್ದ ಬಟ್ಟೆ ಕೋಣೆ ಜನರೇಟರಿನ ಪಕ್ಕಕ್ಕೆ ಹೋಯಿತು. ಹಳೆಯ ಜಾಗದಲ್ಲಿ ಗಾಜಿನ ಭವನ ಎದ್ದಿತು. ಅದರಲ್ಲಿ ನಿರ್ದೇಶಕರು ‘ಪ್ರತಿಭೆಯನ್ನು ಕಾಣುವ ಬಗೆ’ ಎಂದು ಉಪನ್ಯಾಸ ಕೊಡುತ್ತಿದ್ದರು. ದೂರದ ತರಬೇತುದಾರರು ಬಂದು ಬರೆದುಕೊಂಡು ಹೋಗುತ್ತಿದ್ದರು. ಅಂಗೈ ಮೇಲೆ ಅಲ್ಲ, ಪುಸ್ತಕದಲ್ಲಿ.

ಇಷ್ಟೆಲ್ಲ ಆದರೂ ಅವಳು ಯಾಕೆ ಸುಮ್ಮನಿದ್ದಳು? ಎಷ್ಟೋ ಸಲ ಆಕೆಯೇ ತನ್ನನ್ನು ಕೇಳಿಕೊಂಡಿದ್ದಳು. ತವರಿನಲ್ಲಿ ಅವಳ ಮಾತು ನಡೆದಿರಲಿಲ್ಲ. ಗಂಡ ಬದುಕಿದ್ದಷ್ಟು ದಿನ ಅವಳು ಬಾಯಿ ತೆರೆದರೆ ರೇಡಿಯೋ ದೊಡ್ಡದು ಮಾಡುತ್ತಿದ್ದ. ಅವಳು ಹೇಳಿದ್ದು ಹೇಳಿದ ಹಾಗೆ ನಡೆದದ್ದು ಈ ಮಡಚಿದ ರಾಶಿಯಲ್ಲಿ ಮಾತ್ರ. ಬಾಯಿಲ್ಲದೆ ಆಡಿದ ಮಾತಾದರೂ ನಡೆಯಿತಲ್ಲ. ಯಾರೋ ಗೆದ್ದ ಸುದ್ದಿ ಬಂದಾಗ ಅವಳು ಕಲ್ಲಿನ ಮುಂದೆ ಒಬ್ಬಳೇ ನಗುತ್ತಿದ್ದಳು. ಆ ನಗೆಯೇ ತನ್ನನ್ನು ಹದಿನಾರು ವರ್ಷ ಕಟ್ಟಿಹಾಕಿತು ಎಂದು ತಿಳಿಯುವಷ್ಟರಲ್ಲಿ ಮಗಳಿಗೆ ಹದಿನಾಲ್ಕು ತುಂಬಲು ಬಂದಿತ್ತು.

ಮಗಳು ಆಡುತ್ತಿದ್ದಳು. ಜನರೇಟರಿನ ಹಿಂದಿನ ಗೋಡೆಗೆ ಚೆಂಡು ಒದ್ದು ಒದ್ದು ಗೋಡೆಯ ಸುಣ್ಣ ಉದುರಿಹೋಗಿತ್ತು. ಅಕಾಡೆಮಿಯ ಹುಲ್ಲು ಕತ್ತರಿಸುವ ಮುದುಕನಿಗೆ ಎಲ್ಲರೂ ಹುಲ್ಲಜ್ಜ ಎನ್ನುತ್ತಿದ್ದರು. ಅಡುಗೆಯವಳ ಮಗಳು, ಕಾವಲಿನವನ ಇಬ್ಬರು ಹೆಣ್ಣುಮಕ್ಕಳು ಮತ್ತು ಈ ಹುಡುಗಿಗೆ ಅವನೇ ಮಧ್ಯಾಹ್ನದ ಹೊತ್ತು ಆಡಲು ಹಿಂದಿನ ಪಾಳುಜಾಗ ಬಿಡಿಸಿಕೊಡುತ್ತಿದ್ದ. ಹೆತ್ತವಳ ಕೈ ಪಕ್ಷಪಾತ ಮಾಡೀತು ಎಂದು ಬಟ್ಟೆಯಮ್ಮನಿಗೆ ಅನುಮಾನ. ಒಂದು ದಿನ ಮಗಳ ಹಳೇ ಅಂಗಿಯನ್ನು ಹುಡುಗರ ಒಗೆಯದ ಜರ್ಸಿಗಳ ಜೊತೆ ಬೆರೆಸಲು ಹುಲ್ಲಜ್ಜನಿಗೇ ಹೇಳಿದಳು. ಕಣ್ಣು ಮುಚ್ಚಿ ಒಂದೊಂದನ್ನೂ ಮುಟ್ಟಿದಳು. ಹೊಲಿಗೆ ಎಲ್ಲಿ ಸಡಿಲಾಗಿದೆ, ಮಣ್ಣು ಎಲ್ಲಿ ಕೂತಿದೆ, ಉಪ್ಪು ಎಲ್ಲಿ ಗಟ್ಟಿಯಾಗಿದೆ. ಎಲ್ಲಕ್ಕಿಂತ ಮೇಲಿಟ್ಟದ್ದು ಯಾವುದು ಎಂದು ಕಣ್ಣು ಬಿಟ್ಟು ನೋಡಿದರೆ ಅದಕ್ಕೆ ನಂಬರು ಇರಲಿಲ್ಲ.

“ನಿನ್ನ ಮಗಳದ್ದೇ ಕಣಮ್ಮ,” ಅಂದ ಹುಲ್ಲಜ್ಜ. “ಯಾಕೆ ಅಳ್ತೀಯ? ಗೆದ್ದವಳು ಅಳೋದಾ?”

ಅಕಾಡೆಮಿಗೆ ಹುಡುಗಿಯರ ತಂಡವೂ ಇತ್ತು. ಇತ್ತು ಎಂದರೆ ಚಿತ್ರದಲ್ಲಿ ಇತ್ತು. ಹುಡುಗಿಯರು ಎಲ್ಲಿ ಎಂದು ದಾನಿಗಳು ಕೇಳಿದ ವರ್ಷ ಹೊಸ ಜರ್ಸಿ ತರಿಸಿ, ಕೆಲಸದವರ ಹೆಣ್ಣುಮಕ್ಕಳನ್ನು ಕರೆದು ತೊಡಿಸಿ, ಮುಖಕ್ಕೆ ಪೌಡರು ಹಾಕಿ, ಚೆಂಡಿನ ಮೇಲೆ ಕಾಲಿಡಿಸಿ ಫೋಟೋ ತೆಗೆದರು. ತೆಗೆದದ್ದೇ ತಡ, “ಬಿಚ್ಚಿ ಕೊಡಿ” ಅಂದರು. ಮೂರು ವರ್ಷ ಹೀಗೇ ಆಯಿತು. ಮೂರು ವರ್ಷವೂ ಆ ಜರ್ಸಿಗಳು ಒಗೆಯಲು ಬಂದವು. ಬಟ್ಟೆಯಮ್ಮ ಅವನ್ನು ಕೈಯಲ್ಲಿ ಹಿಡಿದು ತಿರುವಿ ಹಾಕಿದಳು. ಕೆಸರಿಲ್ಲ, ಬೆವರಿಲ್ಲ, ಒಂದು ಹುಲ್ಲಿನ ಎಸಳಿಲ್ಲ. ಕುತ್ತಿಗೆಯ ಹತ್ತಿರ ಪೌಡರಿನ ಗೆರೆ ಮಾತ್ರ. ಹೊಲಸು ಬಟ್ಟೆಗೆ ಹೇಸದ ಹೆಂಗಸು ಆ ಚೊಕ್ಕ ಬಟ್ಟೆಗೆ ಹೇಸಿದಳು.

“ಮುಂದಿನ ವರ್ಷ ಆಡಿಸಿ ನೋಡೋಣ,” ಎಂದು ಪ್ರತಿ ವರ್ಷ ನಿರ್ದೇಶಕರು ಹುಡುಗಿಯ ಬೆನ್ನು ತಟ್ಟಿದ್ದರು. ಇನ್ನು ಮುಂದಿನ ವರ್ಷ ಇರಲಿಲ್ಲ. ಹದಿನಾಲ್ಕು ತುಂಬುವ ಮೊದಲು ರಿಜಿಸ್ಟರಿನಲ್ಲಿ ಹೆಸರು ಹತ್ತಬೇಕು, ಆಮೇಲೆ ಬಾಗಿಲು ಮುಚ್ಚಿತು. ಮಗಳಿಗೆ ಹದಿನಾಲ್ಕು ತುಂಬುವುದು ಮಂಗಳವಾರ.

ಅದರ ಹಿಂದಿನ ದಿನ, ಸೋಮವಾರ, ಮೇಲಿನ ಮಂಡಳಿಯಿಂದ ಮೂರು ಜನ ಬರುವವರಿದ್ದರು. ಮೂವತ್ತು ಹುಡುಗರಲ್ಲಿ ಹದಿನೆಂಟು ಜನರನ್ನು ನಿರ್ದೇಶಕರು ಅವರ ಕಣ್ಣೆದುರೇ ಆರಿಸಿ ತೋರಿಸಬೇಕು. ಅವರು ಮೆಚ್ಚಿದರೆ ನಿರ್ದೇಶಕರು ಎಲ್ಲ ಅಕಾಡೆಮಿಗಳ ಮೇಲಿನ ದೊಡ್ಡ ನಿರ್ದೇಶಕರಾಗುತ್ತಾರೆ.

ಶುಕ್ರವಾರ ಬಟ್ಟೆಯಮ್ಮ ಕೈ ಒರೆಸಿಕೊಂಡು ಅವರ ಕೋಣೆಗೆ ಹೋದಳು. ಚಪ್ಪಲಿ ಹೊರಗೆ ಬಿಡು ಎಂದು ಗುಮಾಸ್ತ ಹೇಳಿದ. ಒಳಗೆ ನೆಲ ತಣ್ಣಗಿತ್ತು.

“ಸರ್, ಮಗಳನ್ನ ಒಂದು ಸಲ ಆಡಿಸಿ ನೋಡಿ. ಸೋಮವಾರವೇ ಕೊನೆ.”

ನಿರ್ದೇಶಕರು ಕನ್ನಡಕ ತೆಗೆದರು. “ನೋಡಿದೀನಿ ಬಟ್ಟೆಯಮ್ಮಾ. ಗೋಡೆಗೆ ಒದೀತಾ ಇರ್ತಾಳಲ್ಲ? ನನ್ನ ಕಣ್ಣಿಗೆ ಬೀಳಲಿಲ್ಲ.”

“ಏನಂದ್ರಿ?”

“ಬೇಜಾರು ಮಾಡ್ಕೋಬೇಡ. ಇದು ರಕ್ತದಲ್ಲಿ ಬರಬೇಕು. ಕಲ್ಲಿಗೆ ಬಟ್ಟೆ ಬಡಿಯೋ ಮನೇಲಿ ಎಲ್ಲಿಂದ ಬರುತ್ತೆ? ನಾನು ಸಾವಿರಾರು ಮಕ್ಕಳನ್ನ ಆರಿಸಿದವನು. ನನ್ನ ಕಣ್ಣು ತಪ್ಪಿದ್ದು ಇದೆಯಾ ಹೇಳು.”

ಬಟ್ಟೆಯಮ್ಮ ಅವರ ಮುಖ ನೋಡಿದಳು. ಸುಳ್ಳು ಹೇಳುವವರ ಮುಖ ಅವಳಿಗೆ ಗೊತ್ತಿತ್ತು. ಇವರು ಸುಳ್ಳು ಹೇಳುತ್ತಿರಲಿಲ್ಲ. ನಂಬಿಬಿಟ್ಟಿದ್ದರು. ಅವಳ ಹದಿನಾರು ವರ್ಷವನ್ನು ನುಂಗಿ, ಅರಗಿಸಿಕೊಂಡು, ಅದು ತಮ್ಮದೇ ಮೈ ಎಂದು ತಿಳಿದುಬಿಟ್ಟಿದ್ದರು.

“ಇನ್ನೊಂದು ಮಾತು,” ಅಂದರು ಪ್ರೀತಿಯಿಂದ. “ನಿನಗೂ ಸೊಂಟ ಬಗ್ಗಿದೆ. ಮಗಳನ್ನ ಬಟ್ಟೆ ಕೋಣೆಗೇ ಸೇರಿಸ್ಕೋ. ನಾನು ಸಹಿ ಹಾಕ್ತೀನಿ. ಸೋಮವಾರ ಮಾತ್ರ ಫೋಟೋಗೆ ಕಳಿಸು, ಮರೀಬೇಡ. ಹಾಂ, ರಾಶಿ ಬೇಗ ಸಿದ್ಧ ಇರಲಿ.”

ಅವಳು ಹೊರಗೆ ಬಂದಳು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಜನರೇಟರಿನ ತನಕ ನಡೆದಳು.

“ಏನಂದ್ರಮ್ಮಾ?” ಅಂದಳು ಮಗಳು.

“ನೀನು ಬಟ್ಟೆ ಒಗೀಬೇಕಂತೆ.”

ಹುಡುಗಿ ಚೆಂಡನ್ನು ಕಾಲಿನಡಿ ಹಿಡಿದು ನಿಂತಳು. “ನೀನು ಹೂಂ ಅಂದ್ಯಾ?”

“ಇಲ್ಲ.”

“ಊಹೂಂ ಅಂದ್ಯಾ?”

ತಾಯಿ ಬುಟ್ಟಿ ಎತ್ತಿಕೊಂಡು ಕಲ್ಲಿನ ಕಡೆ ಹೋದಳು. ಆ ಪ್ರಶ್ನೆ ಮೂಳೆಯೊಳಗೆ ಹೋಗಿ ಕೂತಿತು.

ಶನಿವಾರದ ಪಂದ್ಯದ ಜರ್ಸಿಗಳು ಭಾನುವಾರ ಒಣಗಿದವು. ಬಟ್ಟೆಯಮ್ಮ ಮಡಚಲು ಕೂತಳು. ಕೈ ತಾನಾಗಿಯೇ ಹುಡುಕತೊಡಗಿತು: ಇದು ಎಳೆಸಿಕೊಂಡದ್ದು, ಇದು ನಾಟಕದ್ದು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಗೋಡೆಯ ಮೇಲೆ ಹಳೆಯ ಸೂಚನಾ ಹಲಗೆ ಇತ್ತು. ಕೆಳಗೆ ನಿರ್ದೇಶಕರದ್ದೇ ಸಹಿ. ‘ಬಟ್ಟೆಗಳನ್ನು ಅಳತೆ ಪ್ರಕಾರ ಮಡಚಿಡತಕ್ಕದ್ದು. ದೊಡ್ಡದು ಕೆಳಗೆ, ಚಿಕ್ಕದು ಮೇಲೆ.’ ಇಷ್ಟು ವರ್ಷ ಅವರಿಗೋಸ್ಕರವೇ ಅವರ ನಿಯಮವನ್ನು ಮುರಿಯುತ್ತ ಬಂದಿದ್ದಳು. ಇನ್ನು ಮುರಿಯುವುದಿಲ್ಲ. ದೊಡ್ಡದು ಕೆಳಗೆ. ಚಿಕ್ಕದು ಮೇಲೆ. ಪ್ರತಿಯೊಂದನ್ನೂ ಒಂದೇ ಅಗಲಕ್ಕೆ ಮಡಚಿ, ನಂಬರು ಅಂಚಿಗೆ ಬರುವಂತೆ ಇಟ್ಟಳು. ರಾಶಿ ಬಹಳ ಚಂದ ನಿಂತಿತು.

ಸೋಮವಾರ ಬೆಳಿಗ್ಗೆ ನಿರ್ದೇಶಕರು ಬಂದರು. ಸೆಂಟಿನ ವಾಸನೆ ಅವರಿಗಿಂತ ಮೊದಲೇ ಒಳಗೆ ಬಂತು. ರಾಶಿಯ ಅಂಚಿನ ಮೇಲೆ ಬೆರಳಾಡಿಸಿದರು. ಮೇಲಿನಿಂದ ಹದಿನೆಂಟು ನಂಬರು ಅಂಗೈ ಮೇಲೆ ಬರೆದುಕೊಂಡರು. “ಈ ಸಲ ಬೇರೆ ಥರ ಇದೆಯಲ್ಲ,” ಎಂದು ಗೊಣಗಿದರು. “ನಾನೂ ಹೀಗೇ ಅಂದ್ಕೊಂಡಿದ್ದೆ,” ಎಂದು ತಾವೇ ಸೇರಿಸಿದರು.

ಹುಡುಗರು ಮೈದಾನದಲ್ಲಿ ಅರ್ಧ ತಾಸು ಓಡಿದರು. ಮಂಡಳಿಯ ಇಬ್ಬರು ಗಂಡಸರು ಮತ್ತು ಒಬ್ಬ ಬಿಳಿ ಕೂದಲಿನ ಹೆಂಗಸು ನೆರಳಿನಲ್ಲಿ ಕೂತಿದ್ದರು. ನಿರ್ದೇಶಕರು ಅಂಗೈ ನೋಡುತ್ತ ಧ್ಯಾನ ಮಾಡಿದರು. ಫೋಟೋಗೆ ಬಂದ ನಾಲ್ಕು ಹುಡುಗಿಯರು ಜರ್ಸಿ ತೊಟ್ಟು ಬೇಲಿಯ ಹತ್ತಿರ ನಿಂತಿದ್ದರು. ಬಟ್ಟೆಯಮ್ಮನೂ ಅಲ್ಲೇ ನಿಂತಳು.

ನಿರ್ದೇಶಕರು ಒಂದೊಂದೇ ನಂಬರು ಕೂಗಿದರು. ಹುಡುಗರು ಬಂದು ಸಾಲಾಗಿ ನಿಂತರು. ಮೊದಲು ಬಂದವನು ಎಲ್ಲರಿಗಿಂತ ಕುಳ್ಳ. ಎರಡನೆಯವನು ಅವನಿಗಿಂತ ಒಂದು ಬೆರಳು ಎತ್ತರ. ಮೂರನೆಯವನು ಇನ್ನೊಂದು ಬೆರಳು. ಹದಿನೆಂಟನೆಯವನು ಬಂದು ನಿಲ್ಲುವ ಹೊತ್ತಿಗೆ ಮೆಟ್ಟಿಲು ಕಟ್ಟಿದ ಹಾಗಾಗಿತ್ತು. ಒಬ್ಬ ಗಾರೆಯವನು ದಾರ ಹಿಡಿದು ನಿಲ್ಲಿಸಿದ್ದರೂ ಇಷ್ಟು ಸಾಫಾಗಿ ಬರುತ್ತಿರಲಿಲ್ಲ.

“ಇದರ ಹಿಂದಿನ ತತ್ವ ಏನು?” ಎಂದು ಒಬ್ಬ ಗಂಡಸು ಕೇಳಿದ.

ನಿರ್ದೇಶಕರು ಆಗಷ್ಟೇ ಆ ಸಾಲನ್ನು ನೋಡಿದರು. ಒಂದು ಕ್ಷಣ ಬಾಯಿ ತೆರೆದುಕೊಂಡಿತು. ಆದರೆ ಅಷ್ಟು ವರ್ಷ ಉಪನ್ಯಾಸ ಕೊಟ್ಟ ಬಾಯಿ ಅದು, ಖಾಲಿ ಇರಲು ಅದಕ್ಕೆ ಬರುತ್ತಿರಲಿಲ್ಲ.

“ನೆಲಕ್ಕೆ ಹತ್ತಿರ ಇರೋನು ಚೆಂಡಿಗೂ ಹತ್ತಿರ ಇರ್ತಾನೆ. ಇದು ನನ್ನ ಹೊಸ ಸಂಶೋಧನೆ.”

“ಅದ್ಭುತ,” ಎಂದು ಗಂಡಸರಿಬ್ಬರೂ ಬರೆದುಕೊಂಡರು.

“ಇದರಲ್ಲಿ ಗೋಲ್‌ಕೀಪರ್ ಎಲ್ಲಿ?” ಎಂದು ಬಿಳಿ ಕೂದಲಿನ ಹೆಂಗಸು ಕೇಳಿದಳು.

ಗೋಲ್‌ಕೀಪರ್ ಇರಲಿಲ್ಲ. ಗೋಲು ಕಾಯುವ ಎತ್ತರದ ಹುಡುಗರಿಬ್ಬರೂ ಆಚೆ ಬಿಟ್ಟವರಲ್ಲಿದ್ದರು.

“ಗೋಲ್‌ಕೀಪರ್ ಅನ್ನೋ ಕಲ್ಪನೇನ ನಾವು ದಾಟಿ ಬಂದಿದೀವಿ ಮೇಡಂ,” ಅಂದರು ನಿರ್ದೇಶಕರು.

ಗಂಡಸರು ಅದನ್ನೂ ಬರೆದುಕೊಂಡರು.

ಹುಲ್ಲಜ್ಜ ಬಾಯಿಗೆ ಟವಲ್ ಒತ್ತಿ ನಗುತ್ತಿದ್ದ. ಬಟ್ಟೆಯಮ್ಮನಿಗೂ ನಗು ಬಂತು. ಆದರೆ ಆಚೆ ನಿಂತ ಎತ್ತರದ ಗೋಲ್‌ಕೀಪರ್ ಹುಡುಗ ತೋಳಿನಿಂದ ಕಣ್ಣು ಒರೆಸಿಕೊಳ್ಳುವುದು ಕಂಡಿತು. ಮೊಣಕೈಯಲ್ಲಿ ತೂತು ಬಿದ್ದ ಜರ್ಸಿ ಅವನದು. ಎಷ್ಟು ಸಲ ಹೊಲಿದುಕೊಟ್ಟಿದ್ದಳೋ ಲೆಕ್ಕವಿಲ್ಲ. ಅವನು ಮಾಡಿದ ತಪ್ಪೇನು? ಎತ್ತರ ಬೆಳೆದದ್ದು. ಅವಳ ನಗು ನಿಂತಿತು. ಸುಮ್ಮನಿದ್ದು ಮಾಡಿದ ಸಿಟ್ಟು ಸಾಲಲಿಲ್ಲ. ಅದು ತಗಲಬೇಕಾದವರಿಗೆ ತಗಲದೆ ಬೇರೆಯವರ ಮಕ್ಕಳಿಗೆ ತಗಲಿತ್ತು.

ಅವಳು ಬೇಲಿ ದಾಟಿದಳು.

“ಏ ಬಟ್ಟೆಯಮ್ಮಾ, ಹುಲ್ಲಿನ ಮೇಲೆ ಹೋಗೋ ಹಾಗಿಲ್ಲ!” ಎಂದು ಕಾವಲಿನವನು ಕೂಗಿದ.

“ಹೋಗ್ತಾ ಇದೀನಲ್ಲ, ಕಾಣಲ್ವಾ?”

ಮಂಡಳಿಯವರ ಮುಂದೆ ಹೋಗಿ ನಿಂತಳು.

“ಈ ಮಕ್ಕಳನ್ನ ಇವರು ಆರಿಸಿಲ್ಲ. ಹದಿನಾರು ವರ್ಷ ಚೆನ್ನಾಗಿ ಆಡಿದವರ ಬಟ್ಟೆ ನಾನು ಮೇಲಿಡ್ತಿದ್ದೆ, ಈ ಸಲ ಅಳತೆ ಪ್ರಕಾರ ಮಡಚಿದ್ದೆ. ಚಿಕ್ಕದು ಮೇಲೆ. ಇವರು ಮೇಲಿಂದ ಓದ್ಕೊಂಡ್ರು. ಅಂಗೈ ನೋಡಿ ಬೇಕಾದ್ರೆ.”

ನಿರ್ದೇಶಕರು ಕೈ ಮುಷ್ಟಿ ಕಟ್ಟಿದರು. “ಪಾಪ, ಬಿಸಿಲಲ್ಲಿ ಕೆಲಸ ಮಾಡಿ ತಲೆಗೇರಿದೆ,” ಎಂದು ನಕ್ಕರು. ಆಮೇಲೆ ಹತ್ತಿರ ಬಂದು, ತುಟಿ ಅಲ್ಲಾಡಿಸದೆ ಅಂದರು: “ಅಕ್ಕಾ. ಅಕ್ಕಾ, ಮರ್ಯಾದೆ ಉಳಿಸು. ಮಗಳ ವಿಷಯ ಆಮೇಲೆ ನೋಡೋಣ.”

“ಆಮೇಲೆ ಅನ್ನೋದು ಇವತ್ತಿಗೆ ಮುಗೀತು. ಕೈ ಬಿಚ್ಚು.”

‘ಬಿಚ್ಚಿ’ ಅನ್ನಲಿಲ್ಲ, ‘ಬಿಚ್ಚು’ ಅಂದಳು. ಬಿಳಿ ಕೂದಲಿನ ಹೆಂಗಸು ಕೈ ಚಾಚಿದಳು. ನಿರ್ದೇಶಕರು ಬಿಚ್ಚಿದರು. ಹದಿನೆಂಟು ನಂಬರು, ಬೆವರಿಗೆ ಸ್ವಲ್ಪ ಕದಡಿದ್ದವು.

ಆಕೆ ಬಟ್ಟೆಯಮ್ಮನ ಕಡೆ ತಿರುಗಿದಳು. “ಹಾಗಾದ್ರೆ ಇಷ್ಟು ವರ್ಷ ಆರಿಸಿದ್ದು ನೀವು. ಸರಿ, ಈಗ ಹೇಳಿ, ಯಾರು ಚೆನ್ನಾಗಿ ಆಡ್ತಾರೆ?”

ಎಂಥ ಪ್ರಶ್ನೆ! ಅವಳ ಬಾಯಿಂದ ಕೇಳಲು ಮೂರು ಕುರ್ಚಿಗಳು ಕಾಯುತ್ತಿದ್ದವು. ನಾಲಿಗೆಯ ತುದಿಗೆ ನಂಬರುಗಳು ಸಾಲಾಗಿ ಬಂದು ನಿಂತವು. ಹೇಳಿದರೆ ಇನ್ನೊಬ್ಬರ ಅಂಗೈಗೆ ಹೋಗುತ್ತವೆ.

“ಹೇಳಲ್ಲ,” ಅಂದಳು. “ಹದಿನಾರು ವರ್ಷ ಹೇಳಿದೆ. ಇನ್ನು ನೀವೇ ಕೂತು ನೋಡಿ. ಎಲ್ಲರನ್ನೂ ಇಳಿಸಿ. ಅಲ್ಲಿ ಫೋಟೋಗೆ ಅಂತ ನಿಲ್ಲಿಸಿರೋ ಹುಡುಗಿಯರನ್ನೂ ಇಳಿಸಿ. ಪೂರ್ತಿ ಆಟ ನೋಡಿ, ಆಮೇಲೆ ಬರ್ಕೊಳ್ಳಿ.”

“ಊಟದ ಹೊತ್ತಾಯ್ತಲ್ಲ,” ಅಂದ ಒಬ್ಬ ಗಂಡಸು.

“ನನಗೂ ಆಗಿದೆ.”

ಬಿಳಿ ಕೂದಲಿನ ಹೆಂಗಸು ಕುರ್ಚಿಯನ್ನು ನೆರಳಿನಿಂದ ಗೆರೆಯ ಹತ್ತಿರಕ್ಕೆ ಎಳೆದುಕೊಂಡು ಕೂತಳು.

ಆಟ ನಡೆಯಿತು. ಬಟ್ಟೆಯಮ್ಮ ಜೀವಮಾನದಲ್ಲಿ ಕಲ್ಲಿನಿಂದ ತಲೆಯೆತ್ತಿ ನೋಡಿದ ಮೊದಲ ಆಟ ಅದು. ಏನೂ ಅರ್ಥವಾಗಲಿಲ್ಲ.

“ಈಗ ಯಾಕೆ ಎಲ್ಲಾ ನಿಂತ್ರು?” ಎಂದು ಹುಲ್ಲಜ್ಜನನ್ನು ಕೇಳಿದಳು.

“ಚೆಂಡು ಗೆರೆ ದಾಟ್ತಮ್ಮ. ಅದೂ ಗೊತ್ತಿಲ್ವಾ? ಇಷ್ಟು ವರ್ಷ ತಂಡ ಆರಿಸಿದ್ದು ನೀನೇನಾ?”

“ನಾನು ಬಟ್ಟೆ ನೋಡಿದವಳು ಕಣಜ್ಜ.”

ಮೊದಲ ಹತ್ತು ನಿಮಿಷ ಹುಡುಗರು ಮಗಳಿಗೆ ಚೆಂಡೇ ಕೊಡಲಿಲ್ಲ. ಹನ್ನೊಂದನೇ ನಿಮಿಷ ಅವಳೇ ಒಬ್ಬನ ಕಾಲಿಂದ ಕಿತ್ತುಕೊಂಡಳು. ಬಿದ್ದಳು. ಎದ್ದಳು. ಮತ್ತೆ ಕಿತ್ತುಕೊಂಡಳು. ಬಿಳಿ ಕೂದಲಿನ ಹೆಂಗಸು ಕುರ್ಚಿಯಿಂದ ಎದ್ದವಳು ಮತ್ತೆ ಕೂರಲಿಲ್ಲ. ಮಗಳು ಗೋಲು ಹೊಡೆದಳೇ ಎಂದು ಕೇಳಬೇಡಿ, ಹೊಡೆಯಲಿಲ್ಲ. ಎತ್ತರದ ಗೋಲ್‌ಕೀಪರ್ ಎರಡು ಸಲವೂ ತಡೆದ. ಎರಡನೇ ಸಲ ಅವಳ ಕಡೆ ನೋಡಿ ನಾಲಿಗೆ ಚಾಚಿದ. ಅವಳೂ ಚಾಚಿದಳು.

ನಿರ್ದೇಶಕರು ಏನಾದರು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಏನೂ ಆಗಲಿಲ್ಲ. ನೆಲಕ್ಕೆ ಹತ್ತಿರದ ಸಂಶೋಧನೆಯನ್ನು ಬರೆದುಕೊಂಡು ಹೋದ ಗಂಡಸರಿಬ್ಬರೂ ಅದನ್ನು ಮೇಲಿನವರಿಗೆ ಓದಿ ಹೇಳಿದರಂತೆ. ಆರು ತಿಂಗಳಿಗೆ ನಿರ್ದೇಶಕರು ಇನ್ನೊಂದು ಕಡೆ ಇನ್ನೂ ದೊಡ್ಡ ಕುರ್ಚಿಗೆ ಹೋದರು. ಅಲ್ಲಿ ಈಗ ಕುಳ್ಳ ಹುಡುಗರಿಗೆ ಬಹಳ ಬೇಡಿಕೆ ಎಂದು ಕೇಳಿದ್ದೇನೆ. ಬಟ್ಟೆಯಮ್ಮನ ಕೆಲಸ ಮೂರು ದಿನ ಹೋಗಿತ್ತು. ನಾಲ್ಕನೇ ದಿನ ಅಕಾಡೆಮಿ ಪೂರ್ತಿ ನಾತ ಹೊಡೆದಾಗ ಅಲ್ಲಿಯವರೇ ಬಂದು ಕರೆದರು.

ಆದರೆ ಸೋಮವಾರದ ಕೆಲಸ ಇನ್ನೂ ಮುಗಿದಿರಲಿಲ್ಲ.

ಆಟ ಮುಗಿದಾಗ ಬಿಳಿ ಕೂದಲಿನ ಹೆಂಗಸು ಗುಮಾಸ್ತನಿಗೆ ಹೇಳಿದಳು: “ಈ ನಾಲ್ಕು ಹುಡುಗಿಯರ ಹೆಸರು ಹತ್ತಿಸಿ. ಇವತ್ತೇ.” ಗುಮಾಸ್ತ ರಿಜಿಸ್ಟರ್ ತಂದು ಮೇಜಿನ ಮೇಲೆ ಬಿಚ್ಚಿದ. ಪುಟ ತಿರುವಿದ. ಇನ್ನೊಂದು ಪುಟ ತಿರುವಿದ. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು.

“ಬರೆಯೋದೆಲ್ಲಿ ಮೇಡಂ? ಇದರಲ್ಲಿ ಹುಡುಗಿಯರಿಗೆ ಅಂತ ಕಾಲಮ್ಮೇ ಇಲ್ಲ. ಅಚ್ಚು ಹಾಕಿಸೋವಾಗಲೇ ಬಿಟ್ಟಿದಾರೆ. ಹೊಸ ರಿಜಿಸ್ಟರ್ ಬರೋ ತನಕ ಕಾಯಬೇಕಾಗುತ್ತೆ. ಒಂದು ವಾರ, ಹೆಚ್ಚಂದ್ರೆ ಎರಡು.”

ನಾಲ್ಕು ಹುಡುಗಿಯರೂ ಬಟ್ಟೆಯಮ್ಮನ ಕಡೆ ನೋಡಿದರು. ಅವಳು ಗುಮಾಸ್ತನ ಕಡೆ ನೋಡಿದಳು.

ಮಗಳು ಮುಂದೆ ಬಂದಳು. ಮಂಡಿಯಿಂದ ರಕ್ತ ಇಳಿದು ಕಾಲುಚೀಲಕ್ಕೆ ಸೇರುತ್ತಿತ್ತು. ಮೇಜಿನ ಮೇಲಿದ್ದ ಸ್ಕೇಲು ತೆಗೆದುಕೊಂಡಳು. ಗುಮಾಸ್ತನ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡಳು. ಪುಟದ ಬಲಗಡೆ, ಮೇಲಿನಿಂದ ಕೆಳಗಿನವರೆಗೆ, ಒಂದು ಗೆರೆ ಎಳೆದಳು. ಕೆಸರುಗೈಗೆ ಸ್ಕೇಲು ಜಾರಿ ಗೆರೆ ಕೊನೆಯಲ್ಲಿ ಸೊಟ್ಟಗಾಯಿತು.

“ಛೆ, ಸೊಟ್ಟ ಬಂತಲ್ಲ,” ಎಂದು ಗುಮಾಸ್ತ ರಬ್ಬರಿಗೆ ಕೈ ಹಾಕಿದ.

“ಇರಲಿ ಬಿಡಿ,” ಅಂದಳು ಬಟ್ಟೆಯಮ್ಮ. “ಬರೀರಿ.”